ನ್ಯೂಟ್ರಾನು ತಾಗಿದ ಉಂಗುರ

ಅತ್ತೆಯ ಮದುವೆಯುಂಗುರವನ್ನು ಜೇಬಿನಲ್ಲಿಟ್ಟುಕೊಂಡು ಲಿವಿಯೊ ಮನೆಯೊಳಗೆ ಕಾಲಿಟ್ಟಾಗ ಊಟದ ಮೇಜಿನ ಮೇಲೆ ತಗಡಿನ ಡಬ್ಬ ಕೂತಿತ್ತು. ಅದರ ಹಿಂದೆ ಆಳುವ ಪಕ್ಷದ ಬಡಾವಣೆ ಮುಖಂಡ ತರ್ಕ್ವೀನಿ. ಆಫ್ರಿಕಾದಲ್ಲಿ ಯುದ್ಧ ನಡೆದಿತ್ತು. ಅದರ ಖರ್ಚಿಗೆ ರೋಮಿನ ಹೆಂಗಸರೆಲ್ಲ ಸಂತೋಷದಿಂದ ಚಿನ್ನದುಂಗುರ ದೇಶಕ್ಕೆ ಕೊಟ್ಟು ಕಬ್ಬಿಣದ್ದು ತೊಡಬೇಕಿತ್ತು. ಯಾರು ಸಂತೋಷಪಡಲಿಲ್ಲ ಎಂಬುದು ತರ್ಕ್ವೀನಿಗೆ ಚೆನ್ನಾಗಿ ನೆನಪಿರುತ್ತಿತ್ತು.

"ಬನ್ನಿ ಪ್ರೊಫೆಸರೇ. ಉಂಗುರ ನಿಮ್ಮ ಹತ್ರ ಇದೆ ಅಂತಾರೆ ನಿಮ್ಮತ್ತೆ."

ಅತ್ತೆ ಕ್ಲೇಲಿಯ ತನ್ನ ಬೋಳು ಬೆರಳನ್ನು ಉಜ್ಜಿಕೊಳ್ಳುತ್ತ ನಿಂತಿದ್ದಳು. ಗಂಡ ಸತ್ತಾಗಲೂ ಬಿಚ್ಚದ ಉಂಗುರವನ್ನು ಹೋದ ವಾರ ಸೋಪು ಹಚ್ಚಿ ಎಳೆದು ಅಳಿಯನ ಪ್ರಯೋಗಕ್ಕೆ ಕೊಟ್ಟಿದ್ದಳು. ಚಿನ್ನ ಕೊಳ್ಳಲು ಅವನ ಪ್ರಯೋಗಶಾಲೆಗೆ ಗತಿಯಿರಲಿಲ್ಲ. ಸಾಮ್ರಾಜ್ಯ ಕಟ್ಟುವವರ ಬಳಿ ಅಷ್ಟು ಚಿಲ್ಲರೆ ಎಲ್ಲಿಂದ ಬರಬೇಕು? ಲಿವಿಯೊ ಅದನ್ನು ಮೇಣದ ಗಟ್ಟಿಯ ನಡುವೆ ನ್ಯೂಟ್ರಾನುಗಳಿಗೆ ಒಡ್ಡಿದ್ದ. ಆಮೇಲೆ ವಿಕಿರಣ ಎಣಿಸುವ ಯಂತ್ರದ ಪಕ್ಕ ಹಿಡಿದರೆ ಯಂತ್ರ ಟಕಟಕ ಎನ್ನತೊಡಗಿತ್ತು. ತೆಪ್ಪಗಿದ್ದ ಚಿನ್ನ ವಿಕಿರಣ ಸೂಸುತ್ತಿತ್ತು.

ಕೊಡದಿದ್ದರೆ ಕೆಲಸ ಹೋಗುತ್ತದೆ. ಕೊಟ್ಟರೆ ಅತ್ತೆಗೆ ಮುಖ ತೋರಿಸುವುದು ಹೇಗೆ? ಲಿವಿಯೊ ಉಂಗುರವನ್ನು ಹೊರತೆಗೆದು, ದೂರದಲ್ಲೇ ಹಿಡಿದ.

"ಇದನ್ನ ತಗೊಳ್ಳೋ ಹಾಗಿಲ್ಲ ಸ್ವಾಮಿ. ರೇಡಿಯಮ್ಮಿನ ಥರ ಕಿರಣ ಬರ್ತಿದೆ."

ತರ್ಕ್ವೀನಿಯ ಕಣ್ಣರಳಿತು. "ರೇಡಿಯಮ್ಮಾ? ಮೊದಲೇ ಹೇಳಬಾರದಾ? ನಮ್ಮನೆಯವಳು ಮಂಡಿನೋವಿಗೆ ಔಷಧಿ ಅಂಗಡಿಯಿಂದ ರೇಡಿಯಮ್ ನೀರನ್ನೇ ತರಿಸಿ ಕುಡೀತಾಳೆ."

"ಅಯ್ಯೋ, ಚರ್ಮ ಸುಟ್ಟುಹೋಗುತ್ತೆ."

"ನೀವು ಓದಿದವರು ಹೀಗೇ ನೋಡಿ. ಒಳ್ಳೇದನ್ನೆಲ್ಲ ಹೆದರಿಸಿ ನೀವೇ ಇಟ್ಕೋತೀರಿ."

ಉಂಗುರ ಅವನ ಕೈಗೆ ಹೋಯಿತು. ಡಬ್ಬದ ಮುಚ್ಚಳ ಮಾತ್ರ ತೆರೆಯಲಿಲ್ಲ. ಕೋಟಿನ ಒಳಜೇಬು ತೆರೆಯಿತು. "ದೇಶ ನಿಮ್ಮ ತ್ಯಾಗವನ್ನ ಮರೆಯಲ್ಲ ಅಮ್ಮಾ" ಎಂದು ಕಬ್ಬಿಣದ ಉಂಗುರವೊಂದನ್ನು ಮೇಜಿನ ಮೇಲಿಟ್ಟು, ಡಬ್ಬ ಕಂಕುಳಲ್ಲಿ ಒತ್ತಿಕೊಂಡು ಮೆಟ್ಟಿಲಿಳಿದು ಹೋದ.

ಲಿವಿಯೊ ತಲೆಯೆತ್ತಲಿಲ್ಲ. "ತಪ್ಪಾಯ್ತು ಅತ್ತೆ. ಉಳಿಸೋಣ ಅಂತ, ಚರ್ಮ ಸುಡುತ್ತೆ ಅಂತ ಸುಳ್ಳು ಹೇಳಿದೆ. ಅದರಿಂದ ಯಾರಿಗೂ ಏನೂ ಆಗಲ್ಲ. ಸ್ವಲ್ಪ ದಿನ ಕಳೆದ್ರೆ ಮೊದಲಿನ ಹಾಗೇ ಆಗುತ್ತೆ."

ಅತ್ತೆ ಕಬ್ಬಿಣದ ಉಂಗುರವನ್ನು ಬೆರಳಿಗೆ ತೂರಿಸಿ ನೋಡಿದಳು. ಗೆಣ್ಣು ದಾಟಲಿಲ್ಲ.

"ಏನೂ ಆಗಲ್ವಾ?" ಎಂದಳು ನಿರಾಸೆಯಿಂದ. "ಇಷ್ಟೆಲ್ಲಾ ಓದಿದೀರಿ ಅಳಿಯಂದಿರೇ, ಇನ್ನೂ ಸ್ವಲ್ಪ ಚೆನ್ನಾಗಿ ಬೇಯಿಸಿಕೊಂಡು ಬರೋಕೆ ಏನಾಗಿತ್ತು?"