ಒರೆಸುವ ಬಟ್ಟೆ

ಅಲ್ಜೀರಿಯಾದ ಅಧಿಕಾರಿ ತನ್ನ ಕಡೆಯ ಮೆಕ್ಯಾನಿಕ್ ಲಖ್ದರನ ಸಲಕರಣೆ ಚೀಲಕ್ಕೆ ಕೈ ಹಾಕಿ, ಸ್ಪ್ಯಾನರುಗಳ ಅಡಿಯಿಂದ ಮಡಿಸಿಟ್ಟ ಬಿಳಿ ಬಟ್ಟೆಯೊಂದನ್ನು ಎಳೆದು ತೆಗೆದ. ಮೇಜಿನ ಈಚೆ, ಮೊರಾಕೊ ಕಡೆಯ ಕುರ್ಚಿಯಲ್ಲಿ ಕೂತಿದ್ದ ಬೂಜಿಯಾನ್ ಅದನ್ನು ನೋಡಿದೊಡನೆ ಗುರುತಿಸಿದ.

ಅದು ಅವನ ತಾಯಿಗೆಂದು ಬಂದ ಕಫನ್. ಗಡಿಯಾಚೆ ಮಗ್ನಿಯಾದಲ್ಲಿರುವ ದೊಡ್ಡಮ್ಮ ಹಜ್‌ಗೆ ಹೋದಾಗ ತನಗೊಂದು, ತಂಗಿಗೊಂದು ತಂದು, ಮೆಕ್ಕಾದ ಪವಿತ್ರ ಜಮ್‌ಜಮ್ ನೀರಿನಲ್ಲಿ ಅದ್ದಿ ಒಣಗಿಸಿ ಇಟ್ಟಿದ್ದಳು. ಹೆಣಕ್ಕೆ ಹೊದಿಸುವ ಬಟ್ಟೆ ಕಳಿಸಲು ಯಾರಿಗೆ ತಾನೇ ಅವಸರ? ಈಗ ಗಡಿಯ ಈಚೆ ಊಜ್ದಾದ ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು, ಅವಸರವೂ ಬಂದಿತ್ತು.

ಇಪ್ಪತ್ತೇಳು ವರ್ಷಗಳಿಂದ ಮುಚ್ಚಿದ್ದ ಗಡಿಯಲ್ಲಿ ಅಲ್ಜೀರಿಯಾದ ಅನಿಲ ಮಾತ್ರ ಕೊಳವೆಯೊಳಗೆ ದಾಟಿ, ಮೊರಾಕೊ ನೆಲದಲ್ಲಿ ಹಾದು ಸ್ಪೇನಿಗೆ ಹೋಗುತ್ತಿತ್ತು. ತಿಂಗಳಿಗೊಮ್ಮೆ ಲಖ್ದರ್ ಮತ್ತು ಬೂಜಿಯಾನ್ ಗಡಿಯ ಮೇಲಿನ ಈ ಮೀಟರ್ ಕೋಣೆಯಲ್ಲಿ ಕೂತು, ಹರಿದ ಅನಿಲದ ಲೆಕ್ಕದ ಒಂದೇ ಹಾಳೆಗೆ ಸಹಿ ಹಾಕುತ್ತಿದ್ದರು. ಆ ನೆಪದಲ್ಲಿ ಎರಡೂ ಊರಿನ ನೆಂಟರ ಮದುವೆ ಫೋಟೊ, ಔಷಧಿ, ಖರ್ಜೂರ ಎಲ್ಲ ಚೀಲದಿಂದ ಚೀಲಕ್ಕೆ ದಾಟಿದ್ದವು. ಈಗ ದೊಡ್ಡವರು ಜಗಳ ತೆಗೆದು ರಾಯಭಾರ ಕಚೇರಿಗಳಿಗೆ ಬೀಗ ಜಡಿದಿದ್ದರು, ಅನಿಲದ ಒಪ್ಪಂದವೂ ಮುಗಿಯಲಿತ್ತು. ಇದೇ ಕೊನೆಯ ಸಹಿ. ಅದಕ್ಕೇ ಈ ಸಲ ಇಬ್ಬರ ಬೆನ್ನಿಗೂ ಒಬ್ಬೊಬ್ಬ ಅಧಿಕಾರಿ.

"ಏನಯ್ಯಾ ಇದು?"

"ಒರೆಸೋ ಬಟ್ಟೆ ಸಾಹೇಬ್ರೆ," ಎಂದ ಲಖ್ದರ್. "ಕೈಯೆಲ್ಲ ಗ್ರೀಸ್ ಆಗತ್ತಲ್ಲ."

"ಇಷ್ಟು ಬೆಳ್ಳಗಿದೆ? ನಿನ್ ಹೆಂಡ್ತಿ ಬಟ್ಟೆ ಚೆನ್ನಾಗಿ ಒಗೀತಾಳೆ ಅನ್ನು." ಅಧಿಕಾರಿ ಅದನ್ನು ಅವನ ಮೇಲೆಸೆದ. "ಎಲ್ಲಿ, ಆ ವಾಲ್ವ್ ಒರೆಸು, ನೋಡೋಣ."

ಲಖ್ದರ್ ಬೂಜಿಯಾನನ ಕಡೆ ನೋಡಿದ. ನಿಜ ಹೇಳಿದರೆ ಲಖ್ದರನ ಕೆಲಸ ಹೋಗುತ್ತಿತ್ತು, ಜೈಲೂ ಆಗಬಹುದಿತ್ತು. ಬೂಜಿಯಾನನಾದರೂ, ಅದು ನನ್ನ ತಾಯಿಯದು, ನಾನೇ ತರಿಸಿದ್ದು ಎನ್ನಬಹುದಿತ್ತು. ಆದರೆ ಅವನಿಗೂ ನೌಕರಿಯಿತ್ತು, ಹೆಂಡತಿ ಮಕ್ಕಳಿದ್ದರು. ಅವನು ತಲೆ ತಗ್ಗಿಸಿ ನೆಲ ನೋಡಿದ.

"ಒರೆಸೋದೇ ಆದ್ರೆ ನಮ್ ಕಡೆ ವಾಲ್ವೂ ಒರೆಸ್ಲಿ," ಎಂದು ಮೊರಾಕೊದ ಅಧಿಕಾರಿ ನಕ್ಕ. ಆ ವರ್ಷ ಎರಡು ಸರ್ಕಾರಗಳ ಕಡೆಯವರು ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ.

ಲಖ್ದರ್ ಬಾಯೊಳಗೇ ಏನೋ ಪಠಿಸುತ್ತ ಎರಡನ್ನೂ ಒರೆಸಿದ. ಆಮೇಲೆ ಇಬ್ಬರೂ ಸಹಿ ಹಾಕಿದರು. ಕಸದ ಬುಟ್ಟಿಗೆ ಬಿದ್ದ ಬಟ್ಟೆಯನ್ನು ಬೂಜಿಯಾನ್ ಯಾರೂ ನೋಡದಾಗ ಅಂಗಿಯೊಳಗೆ ತುರುಕಿಕೊಂಡ. ಗ್ರೀಸು ಹೊಟ್ಟೆಗೆ ತಣ್ಣಗೆ ತಾಗುತ್ತಿತ್ತು.

ಮನೆಯಲ್ಲಿ ತಾಯಿಯೆದುರು ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಡೆದದ್ದನ್ನೆಲ್ಲ ಹೇಳಿದ. ತಾಯಿ ಯಮ್ನಾ ಬಟ್ಟೆಯ ಕಪ್ಪು ಕಲೆಗಳ ಮೇಲೆ ಬೆರಳಾಡಿಸುತ್ತ ಕೇಳಿಸಿಕೊಂಡಳು.

"ಕೊಡಮ್ಮ, ಸೀಮೆಎಣ್ಣೆ ಹಾಕಿ ಒಗೆದ್ರೆ ಹೋಗತ್ತೆ."

"ಬೇಡ. ಹೀಗೇ ಹೊದಿಸು. ಇದನ್ನ ಹೊಲಸು ಮಾಡಿದ್ಯಾರು ಅಂತ ಅಲ್ಲಾಹ್ ಕೇಳ್ತಾನಲ್ಲ, ಆ ಇಬ್ಬರು ಸಾಹೇಬ್ರ ವಿಷಯ ನಾನು ಹೇಳ್ತೀನಿ," ಎಂದು ಅವಳು ಬಟ್ಟೆಯನ್ನು ದಿಂಬಿನಡಿಗೆ ಸರಿಸಿದಳು. "ಆಗ ನೀನೇನು ಮಾಡ್ತಿದ್ದೆ ಅನ್ನೋದನ್ನ ಮಾತ್ರ ನನ್ ಬಾಯಲ್ಲಿ ಹೇಳಿಸ್ಬೇಡ ಮಗಾ. ಅದನ್ನ ನೀನು ಅಲ್ಲಿಗೆ ಬಂದಾಗ ನೀನೇ ಹೇಳ್ಕೋ."