ಕಾಫಿ ಕಣದ ಹೆಜ್ಜೆ

ಒಣಗುವ ಕಾಫಿಹಣ್ಣಿನ ಹುಳಿವಾಸನೆ ಬಂದರೆ ಈಗಲೂ ನನ್ನ ಅಂಗಾಲು ಜುಮ್ಮೆನ್ನುತ್ತದೆ.

ಚಿಕ್ಕಂದಿನಲ್ಲಿ ಒಂದು ಮಧ್ಯಾಹ್ನ, ನಮಗೆ ಕಲಿಸುತ್ತಿದ್ದ ಡ್ಯಾನ್ಸ್ ಟೀಚರ್ ನಮ್ಮ ಮನೆಯ ಕಣದಲ್ಲಿ ಹರವಿದ್ದ ಕಾಫಿಯ ಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ನಡೆಸಿದರು.

"ಮೊದ್ಲು ಸಿಟ್ಟಲ್ಲಿ ನಡೀರಿ. ಈಗ, ಮಲಗಿದ ಮಗು ಏಳದ ಹಾಗೆ."

ನಾನು ಹೇಗೆ ನಡೆದರೂ ಕಾಫಿಯಲ್ಲಿ ಗುಂಡಿಯೇ ಬೀಳುತ್ತಿತ್ತು.

ಅಷ್ಟರಲ್ಲಿ ನನ್ನನ್ನು ಕರೆಯಲು ಅಮ್ಮ ಕಣ ದಾಟಿ ಬಂದಳು. ಟೀಚರ್ ಬಗ್ಗಿ ಅವಳ ಹೆಜ್ಜೆ ನೋಡಿದರು. ಕಾಫಿಯನ್ನು ಗಾಳಿ ಸವರಿ ಹೋದ ಹಾಗಿತ್ತು.

"ನೀವು ಎಲ್ಲಿ ಕಲ್ತಿದ್ದು?"

"ನಾನಾ? ಅಯ್ಯೋ, ಇಲ್ಲ ಮಾರಾಯ್ರೆ." ಅಮ್ಮ ಜಗಲಿಯಲ್ಲಿ ಕೂತಿದ್ದ ತನ್ನ ಅತ್ತೆಯ ಕಡೆ ನೋಡಿದಳು. ಆಮೇಲೆ ಸೀರೆಯ ನೆರಿಗೆ ಚೂರು ಎತ್ತಿ, ಬಲಗಾಲನ್ನು ಅರ್ಧಚಂದ್ರದಂತೆ ನಿಧಾನವಾಗಿ ತಿರುಗಿಸುತ್ತ, ತನ್ನ ಹೆಜ್ಜೆಗಳನ್ನೆಲ್ಲ ಅಳಿಸಿದಳು.

ಟೀಚರ್ ನಮ್ಮತ್ತ ತಿರುಗಿ, "ನೋಡಿದ್ರಾ ಮಕ್ಳೇ?" ಎಂದರು.