ಒಂದೇ ಕೆನ್ನೆಯ ಮಸಿ

ಗೋಪಾಳ ಬಡಾವಣೆಯ ನನ್ನ ಮನೆಯಲ್ಲಿ ಈಗಲೂ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವಾಗಲೆಲ್ಲ ಕನ್ನಡಿಯಲ್ಲಿ ಎರಡೂ ಕೆನ್ನೆ ನೋಡಿಕೊಳ್ಳುತ್ತೇನೆ. ಅಪ್ಪನದೇ ಮುಖ ಎಂದು ನೆಂಟರು ಹೊಗಳುತ್ತಾರೆ. ನನಗೆ ಅದೂ ಒಂದು ಚಿಂತೆ.

ನಾನು ಚಿಕ್ಕವನಿದ್ದಾಗ ಒಂದು ಮಧ್ಯಾಹ್ನ ಭದ್ರಾವತಿಯ ಕ್ವಾರ್ಟರ್ಸ್‌ನಲ್ಲಿ ಅಪ್ಪ ಕಾಲೊನಿಯ ನಾಟಕಕ್ಕೆ ತಾಲೀಮು ಮಾಡುತ್ತಿದ್ದ. ನಾಡನ್ನು ಉಳಿಸಲು ತನ್ನೊಳಗಿನ ರಾಕ್ಷಸನನ್ನೇ ಕೊಲ್ಲುವ ರಾಜಕುಮಾರನ ಪಾತ್ರ. ಒಂದು ಕೆನ್ನೆಗೆ ಪೌಡರು, ಇನ್ನೊಂದಕ್ಕೆ ಮಸಿ. ಕನ್ನಡಿ ಹಿಡಿದವನು ನಾನು.

"ಯಾರಪ್ಪಾ ಗೆಲ್ಲೋದು?"

"ರಾಜಕುಮಾರನೇ ಕಣೋ!" ಎಂದು ಅಪ್ಪ ಮರದ ಕತ್ತಿ ಎತ್ತಿದ.

ಕಾಫಿ ತರುತ್ತಿದ್ದ ಅಮ್ಮ ಆ ಎತ್ತಿದ ಕೈ ಕಂಡದ್ದೇ ಲೋಟ ಬಿಟ್ಟು ಮುಖ ಮುಚ್ಚಿಕೊಂಡಳು.

"ಏ ಮಾರಾಯ್ತಿ, ನಾಟಕ ಕಣೇ ಇದು!"

"ನಂಗೊತ್ತು ರೀ," ಎಂದಳು ಅಮ್ಮ. "ಕೈಗೆ ಗೊತ್ತಾಗ್ಲಿಲ್ಲ."

ಅಪ್ಪ ಕತ್ತಿ ಇಳಿಸಿ, ಕೊಬ್ಬರಿ ಎಣ್ಣೆ ಹಚ್ಚಿ ಮಸಿ ಒರೆಸತೊಡಗಿದ. ಅದು ಪೌಡರಿನ ಕೆನ್ನೆಗೂ ಹರಡಿತು.

"ಕನ್ನಡಿ ನೆಟ್ಟಗೆ ಹಿಡಿಯೋ," ಎಂದ.

ನಾನು ನೆಟ್ಟಗೇ ಹಿಡಿದಿದ್ದೆ.